ಪಠ್ಯಪುಸ್ತಕ ಬರೆಯುವವರಿಗೆ ಒಬ್ಬ ಹಳೇ ತಂತಿ ನೌಕರನ ಬಹಿರಂಗ ಪತ್ರ

ನಮ್ಮ ರಾಜ್ಯದ ಶಾಲೆ ಮಕ್ಕಳಿಗೆ ಪಾಠ ಬರೆಯುವ, ತಿದ್ದುವ, ಆಮೇಲೆ ತೆಗೆದುಹಾಕುವ ಎಲ್ಲ ಹಿರಿಯರಿಗೂ ನಮಸ್ಕಾರ.

ನಾನು ಮೈಸೂರಿನವನು. ತಂತಿ ಆಫೀಸಿನಲ್ಲಿ ಎಷ್ಟೋ ವರ್ಷ ಮೋರ್ಸ್ ಕೀ, ಅಂದರೆ ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಕೀ, ಕುಟ್ಟಿದವನು. ಆಮೇಲೆ ಕೀ ಹೋಗಿ ಟೆಲಿಪ್ರಿಂಟರ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು, 2013ರ ಜುಲೈನಲ್ಲಿ ತಂತಿಯೇ ನಿಂತುಹೋಯಿತು. ಹಾಗಾಗಿ ನನ್ನ ವಿದ್ಯೆ ಈಗ ಮನೆಯಲ್ಲಿ ಟೇಬಲ್ ಮೇಲೆ ಬೆರಳಾಡಿಸುವುದಕ್ಕೆ ಮಾತ್ರ. ಇಷ್ಟು ಯಾಕೆ ಹೇಳಿದೆ ಅಂದರೆ, ಈ ಪತ್ರ ಇನ್ನೊಬ್ಬ ಆಪರೇಟರ್ ಬಗ್ಗೆ.

ಮೊನ್ನೆ ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಭಾಷಣ ಸ್ಪರ್ಧೆ ಇತ್ತು. ವಿಷಯ, ಧೈರ್ಯವಂತ ಮಹಿಳೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ನೂರ್ ಇನಾಯತ್ ಖಾನ್ ಅಂತ ಆರಿಸಿಕೊಂಡಳು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಫ್ರಾನ್ಸಿನಲ್ಲಿ ಗುಟ್ಟಾಗಿ ವೈರ್‌ಲೆಸ್ ನಡೆಸಿದವಳು. ಬರೆದದ್ದನ್ನು ನನಗೆ ಓದಿ ಹೇಳಿದಳು. ಮೊದಲ ಸಾಲೇ, ಆಕೆಯ ಮೈಯಲ್ಲಿ ಟಿಪ್ಪು ಸುಲ್ತಾನನ ರಕ್ತ ಹರಿಯುತ್ತಿತ್ತು, ಅದಕ್ಕೇ ಆಕೆ ಹಿಟ್ಲರನಿಗೂ ಹೆದರಲಿಲ್ಲ ಅಂತ. ಶಾಲೆಯಲ್ಲಿ ತೋರಿಸಿದಾಗ, ಟಿಪ್ಪು ಹೆಸರು ಬಂದರೆ ಯಾರಾದರೂ ತಕರಾರು ತೆಗೀತಾರೆ, ಸುಮ್ನೆ ಬೇರೆ ಯಾರನ್ನಾದರೂ ತಗೋಮ್ಮ ಅಂದರಂತೆ. ಮೊಮ್ಮಗಳು ಒನಕೆ ಓಬವ್ವನ ಮೇಲೆ ಮಾತಾಡಿ ಎರಡನೇ ಬಹುಮಾನ ತಂದಳು. ಓಬವ್ವ ಒನಕೆಯಲ್ಲಿ ಹೊಡೆದದ್ದು ಟಿಪ್ಪುವಿನ ಅಪ್ಪ ಹೈದರಾಲಿಯ ಸೈನಿಕರನ್ನು. ಅಂದರೆ ಹುಡುಗಿ ಎರಡೇ ದಿನದಲ್ಲಿ ಕೋಟೆಯ ಹೊರಗಿನಿಂದ ಒಳಕ್ಕೆ ಬಂದುಬಿಟ್ಟಳು. ಮನೆಯಲ್ಲಿ ಎಲ್ಲರೂ ನಕ್ಕೆವು. ಆದರೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಸಿಟ್ಟು ಬಂದಿದ್ದು ಎರಡೂ ಕಡೆ ಮೇಲೆ, ವಿಡಿಯೋ ಮಾಡಿದವರ ಮೇಲೂ, ಬೇಡ ಅಂದವರ ಮೇಲೂ. ಇಬ್ಬರೂ ಆ ಹೆಣ್ಣುಮಗಳನ್ನು ನೋಡಲೇ ಇಲ್ಲ. ಇಬ್ಬರಿಗೂ ಕಂಡದ್ದು ಟಿಪ್ಪು ಮಾತ್ರ.

ಸಂಬಂಧ ಇರುವುದು ನಿಜ. ನೂರ್ ತಂದೆ ಇನಾಯತ್ ಖಾನ್ ಬರೋಡದವರು, ಸೂಫಿ ಗುರು, ವೀಣೆ ನುಡಿಸುತ್ತಿದ್ದವರು. ಅವರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಸಂಗೀತಗಾರ. ಆತ ನಮ್ಮ ಮೈಸೂರು ಅರಸರ ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತ ಕಲಿತು, ಟಿಪ್ಪು ವಂಶದ ಹೆಣ್ಣುಮಗಳನ್ನು ಮದುವೆಯಾದರು ಅಂತ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಆದರೆ ಟಿಪ್ಪು ಸತ್ತದ್ದು 1799ರಲ್ಲಿ, ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಅದೂ ಮಾಸ್ಕೋದಲ್ಲಿ, ಅಮೆರಿಕದ ತಾಯಿಯ ಹೊಟ್ಟೆಯಲ್ಲಿ. ಹೆಚ್ಚುಕಡಿಮೆ 115 ವರ್ಷ ದಾಟಿ ಬರುವಷ್ಟರಲ್ಲಿ ರಕ್ತದಲ್ಲಿ ಏನು ಉಳಿದಿರುತ್ತೆ ಹೇಳಿ. ನಮ್ಮ ತಾತ ಹುಲಿ ಓಡಿಸಿದ್ದರಂತೆ. ನನಗೆ ಅವರಿಂದ ಬಂದದ್ದು ಸಕ್ಕರೆ ಕಾಯಿಲೆ ಮಾತ್ರ.

ಟಿಪ್ಪು ಪಾಠ ಇರಬೇಕೋ ಬೇಡವೋ, ಎಷ್ಟು ಪುಟ ಇರಬೇಕು, ನೀವು ಜಗಳ ಆಡಿಕೊಳ್ಳಿ, ನಾನು ಬರುವುದಿಲ್ಲ. ನನ್ನ ಕೋರಿಕೆ ಬೇರೆ. ನೂರ್ ಬಗ್ಗೆ ಒಂದು ಪಾಠ ಬರೆಯಿರಿ. ಇತಿಹಾಸದ ಪುಸ್ತಕದಲ್ಲಿ ಬೇಡ, ಕನ್ನಡ ಪುಸ್ತಕದಲ್ಲೇ ಇರಲಿ. ಬರೆಯುವಾಗ ಆಕೆಯ ಸ್ಕೂಲ್ ನೋಟ್‌ಬುಕ್ಕನ್ನು ಮಾತ್ರ ಬಿಡಬೇಡಿ. ವಿಡಿಯೋದಲ್ಲಿ ಅದು ಇರಲಿಲ್ಲ. ಅದು ಏನು ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

(ಅವಳು, ಇವಳು ಅಂತ ಏಕವಚನ ಬಂದರೆ ತಪ್ಪು ತಿಳಿಯಬೇಡಿ. ಸಾಯುವಾಗ ಆಕೆಗೆ 30 ವರ್ಷ. ನನ್ನ ಕಿರಿ ಮಗಳಿಗಿಂತ ಚಿಕ್ಕವಳು.)

ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್ ಎಂಬ ಊರಿನಲ್ಲಿ. ತಂದೆ 1927ರಲ್ಲಿ ದೆಹಲಿಯಲ್ಲಿ ತೀರಿಕೊಂಡರು, ಆಗ ಇವಳಿಗೆ 13. ತಾಯಿ ದುಃಖದಲ್ಲಿ ಮೂಲೆ ಸೇರಿಬಿಟ್ಟರು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಮನೆ ಎಲ್ಲ ಇವಳ ತಲೆ ಮೇಲೆ. ವೀಣೆ ಹಿಡಿದು ಕೂತಿರುವ ಅವಳ ಒಂದು ಫೋಟೋ ಇದೆ. ಮೈಸೂರಿನವನಿಗೆ ಆ ಫೋಟೋ ನೋಡಿದರೆ ನಮ್ಮ ಬೀದಿಯ ಯಾವುದೋ ಮನೆ ಹುಡುಗಿ ಅನ್ನಿಸುತ್ತೆ. ಮಕ್ಕಳ ಮನಶ್ಶಾಸ್ತ್ರ ಓದಿದಳು, ಪತ್ರಿಕೆಗೆ, ರೇಡಿಯೋಗೆ ಮಕ್ಕಳ ಕಥೆ ಬರೆದಳು. ಬುದ್ಧನ ಇಪ್ಪತ್ತು ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕ 1939ರಲ್ಲಿ ಬಂತು. ಅದರಲ್ಲಿ ವಾನರ ರಾಜನ ಕಥೆಯೂ ಇದೆ, ತನ್ನ ಬೆನ್ನನ್ನೇ ಸೇತುವೆ ಮಾಡಿ ಎಲ್ಲರನ್ನೂ ದಾಟಿಸುತ್ತಾನಲ್ಲ, ಅದು.

1940ರ ಜೂನ್‌ನಲ್ಲಿ ಜರ್ಮನರು ಪ್ಯಾರಿಸ್ಸಿಗೆ ಬಂದರು. ಕುಟುಂಬ ಹೇಗೋ ಇಂಗ್ಲೆಂಡಿಗೆ ಹಡಗು ಹತ್ತಿತು. ಹಿಂಸೆ ಬೇಡ ಅಂತ ನಂಬಿದ ಮನೆ ಅದು. ಆದರೂ ಅಕ್ಕ ತಮ್ಮ ಕೂತು ಮಾತಾಡಿ, ಇದನ್ನು ನೋಡಿಕೊಂಡು ಸುಮ್ಮನಿರಲು ಆಗಲ್ಲ, ಅಪಾಯ ಜಾಸ್ತಿ ಇರುವ ಕೆಲಸವೇ ಆಗಲಿ, ಆದರೆ ಕೊಲ್ಲುವ ಕೆಲಸ ಬೇಡ ಅಂತ ತೀರ್ಮಾನಿಸಿದರು. ನವೆಂಬರ್‌ನಲ್ಲಿ ನೂರ್ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು.

ಇಲ್ಲಿಂದ ನನ್ನ ಕಿವಿ ನೆಟ್ಟಗಾಗುತ್ತೆ. ಚಳಿಗೆ ಅವಳ ಬೆರಳು ಊದಿಕೊಳ್ಳುತ್ತಿದ್ದವಂತೆ, ಹಾಗಾಗಿ ಕೀಯನ್ನು ಜೋರಾಗಿ ಕುಟ್ಟುತ್ತಿದ್ದಳು. ಜೊತೆಯವರು ಬ್ಯಾಂಗ್ ಅವೇ ಲುಲು ಅಂತ ಅಡ್ಡಹೆಸರು ಇಟ್ಟಿದ್ದರು. ಕುಟ್ಟಮ್ಮ ಅಂದುಕೊಳ್ಳಿ. ತಂತಿ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು, ಪ್ರತಿಯೊಬ್ಬನದೂ ಒಂದು ಕೈ ಇರುತ್ತೆ. ಬೆಂಗಳೂರಿನಿಂದ ಲೈನ್ ಬಂದರೆ ಹೆಸರು ಹೇಳುವ ಮೊದಲೇ ಆ ಕಡೆ ಕೂತಿರುವುದು ಯಾರು ಅಂತ ನಮಗೆ ಗೊತ್ತಾಗುತ್ತಿತ್ತು. ಒಬ್ಬ ಡ್ಯಾಶನ್ನು ಎಳೆಯುತ್ತಾನೆ, ಒಬ್ಬ ಅಕ್ಷರದ ನಡುವೆ ಉಸಿರೇ ಬಿಡುವುದಿಲ್ಲ. ಸಹಿ ಇದ್ದ ಹಾಗೆ ಅದು. ಹೆಬ್ಬೆಟ್ಟು ಅಂದರೂ ಸರಿ.

ಬ್ರಿಟಿಷರು 1940ರಲ್ಲೇ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್ ಅಂತ ಒಂದು ಗುಪ್ತ ಪಡೆ ಕಟ್ಟಿದ್ದರು, ಎಸ್‌ಒಇ ಅಂತಾರೆ. ಶತ್ರು ಹಿಡಿದ ದೇಶದೊಳಗೆ ಆಳು ಇಳಿಸುವುದು, ಅಲ್ಲಿನವರಿಗೆ ಬಂದೂಕು, ದುಡ್ಡು ಮುಟ್ಟಿಸುವುದು, ರೈಲು ಕಂಬಿ ಕೀಳಿಸುವುದು, ಇಂಥ ಕೆಲಸ. ಅದರ ಫ್ರಾನ್ಸ್ ವಿಭಾಗಕ್ಕೆ ಮಾರಿಸ್ ಬಕ್‌ಮಾಸ್ಟರ್ ಮುಖ್ಯಸ್ಥ. ಫ್ರೆಂಚ್ ನೀರು ಕುಡಿದಂತೆ ಬರುವ ವೈರ್‌ಲೆಸ್ ಆಪರೇಟರ್ ಸಿಕ್ಕರೆ ಬಿಡುತ್ತಾರಾ? 1942ರ ಕೊನೆಗೆ ಕರೆಸಿ ಮಾತಾಡಿದರು. ಇದು ಪ್ರಾಣ ಹೋಗುವ ಕೆಲಸ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು, ಇವಳು ಒಪ್ಪಿದಳು. ಇನ್ನೊಂದು ಮಾತು ಪಾಠದಲ್ಲಿ ಇರಲಿ. ವಾಯುಪಡೆಯಲ್ಲಿ ಅಧಿಕಾರಿ ಹುದ್ದೆಗೆ ಸಂದರ್ಶನ ಆದಾಗ, ಯುದ್ಧ ಮುಗಿದ ಮೇಲೆ ನಾನು ಭಾರತದ ಸ್ವಾತಂತ್ರ್ಯದ ಪರ ನಿಲ್ಲುತ್ತೇನೆ ಅಂತ ಬ್ರಿಟಿಷ್ ಅಧಿಕಾರಿಗಳ ಎದುರಿಗೇ ಹೇಳಿದ್ದಳು. ಬ್ರಿಟಿಷರಿಗಾಗಿ ಸತ್ತವಳು ನಮಗೆ ಯಾಕೆ ಅಂತ ಕೇಳುವವರು ಇರುತ್ತಾರೆ, ಅವರಿಗೆ ಇಷ್ಟು ಸಾಕು. ಮುಂದೆ ಆಕೆಗೆ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಎಂಬ ಹುದ್ದೆ ಕೊಟ್ಟರು.

ತರಬೇತಿ ಕೊಟ್ಟವರಿಗೆ ಇವಳ ಮೇಲೆ ಅನುಮಾನ. ಮೆದು ಸ್ವಭಾವ, ಕನಸು ಕಾಣುವವಳು, ಸುಳ್ಳು ಹೇಳಲು ಬರಲ್ಲ, ಬುದ್ಧಿ ಅಷ್ಟಕ್ಕಷ್ಟೆ ಅಂತಲೂ ಒಬ್ಬರು ವರದಿ ಬರೆದರು. ಬಕ್‌ಮಾಸ್ಟರ್ ಅದರ ಅಂಚಿನಲ್ಲೇ ಅಸಂಬದ್ಧ ಅಂತ ಗೀಚಿದ. ಸುಳ್ಳು ಬಾರದವಳನ್ನು ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ಕಾಗದ ಕೊಟ್ಟು ಕಳಿಸುವುದು ಅಂದರೆ ಪುಣ್ಯಕೋಟಿಯನ್ನು ಗೂಢಚಾರಿಕೆಗೆ ಕಳಿಸಿದ ಹಾಗೆ. ಆದರೆ ಪ್ಯಾರಿಸ್ಸಿನಲ್ಲಿ ಆಪರೇಟರ್ ಬೇಕಿತ್ತು, ಬೇರೆ ಯಾರೂ ತಯಾರಿರಲಿಲ್ಲ. ತರಬೇತಿ ಪೂರ್ತಿ ಮುಗಿಯುವ ಮೊದಲೇ ಕಳಿಸಿದರು.

1943ರ ಜೂನ್ 16ರ ರಾತ್ರಿ, ಲೈಸ್ಯಾಂಡರ್ ಎಂಬ ಪುಟ್ಟ ವಿಮಾನ. ಶತ್ರು ಹಿಡಿದ ಫ್ರಾನ್ಸಿಗೆ ಲಂಡನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ಕಾಗದದಲ್ಲಿ ಜಾನ್ ಮಾರಿ ರೆನಿಯೆ ಅಂತ ಮಕ್ಕಳನ್ನು ನೋಡಿಕೊಳ್ಳುವವಳು, ಗುಪ್ತ ಹೆಸರು ಮಾದಲೀನ್. ಇಳಿದು ಒಂದು ವಾರ ಅಷ್ಟೇ. ಪ್ರಾಸ್ಪರ್ ಎಂಬ ದೊಡ್ಡ ಜಾಲ ಕುಸಿಯಿತು, ಮುಖ್ಯಸ್ಥ ಫ್ರಾನ್ಸಿಸ್ ಸಟಿಲ್ ಸಿಕ್ಕಿಬಿದ್ದ, ಅವನ ಆಪರೇಟರ್ ಗಿಲ್ಬರ್ಟ್ ನಾರ್ಮನ್ ಸಿಕ್ಕಿಬಿದ್ದ, ಒಬ್ಬರ ಹಿಂದೆ ಒಬ್ಬರು. ಲಂಡನ್ ವಾಪಸ್ ಬಾ ಅಂತು. ಇವಳು ಬರಲ್ಲ ಅಂದಳು. ಪ್ಯಾರಿಸ್ಸಿಗೂ ಲಂಡನ್‌ಗೂ ಮಾತಾಡಲು ಬೇರೆ ಯಾರೂ ಉಳಿದಿಲ್ಲ, ನಾನೂ ಬಂದರೆ ಲೈನ್ ಸತ್ತುಹೋಗುತ್ತೆ ಅನ್ನುವುದು ಅವಳ ವಾದ.

ಲೈನ್ ಸಾಯಬಾರದು ಅನ್ನುವುದು ಆಪರೇಟರ್‌ಗಳ ಹಳೇ ರೋಗ. ನಾವೂ ಮಳೆಗಾಲದಲ್ಲಿ ಅದಕ್ಕಾಗಿ ರಾತ್ರಿಯೆಲ್ಲ ಕೂತಿದ್ದೇವೆ. ನಮಗೆ ಹೆಚ್ಚೆಂದರೆ ಶೀತ ಆಗುತ್ತಿತ್ತು. ಅವಳ ಸೆಟ್ ಸೂಟ್‌ಕೇಸಿನಲ್ಲಿ, ಸುಮಾರು 15 ಕೆಜಿ ಭಾರ. ಉದ್ದನೆ ಏರಿಯಲ್ ತಂತಿ ಮರಕ್ಕೋ ಕಿಟಕಿಗೋ ಎಳೆದು ಕಟ್ಟಬೇಕು. ಜಾಸ್ತಿ ಹೊತ್ತು ಕೀ ಒತ್ತಿದರೆ, ಸಿಗ್ನಲ್ ಯಾವ ಬೀದಿಯಿಂದ ಬರುತ್ತಿದೆ ಅಂತ ವಾಸನೆ ಹಿಡಿದುಕೊಂಡು ಜರ್ಮನರ ವ್ಯಾನು ಬಂದುಬಿಡುತ್ತೆ. ಅಲ್ಲಿ ಆಪರೇಟರ್ ಆರು ವಾರ ಬದುಕಿದರೆ ಹೆಚ್ಚು ಅನ್ನುತ್ತಿದ್ದರು. ಇವಳು ಮನೆ ಬದಲಿಸಿ, ಕೂದಲ ಬಣ್ಣ ಬದಲಿಸಿ, ಹತ್ತಿರ ಹತ್ತಿರ ನಾಲ್ಕು ತಿಂಗಳು ನಡೆಸಿದಳು. ಒಮ್ಮೆ ಮರದ ಕೊಂಬೆಗೆ ಏರಿಯಲ್ ಎಸೆಯಲು ಒದ್ದಾಡುತ್ತಿದ್ದಾಗ ಒಬ್ಬ ಜರ್ಮನ್ ಅಧಿಕಾರಿಯೇ ಬಂದು ಕಟ್ಟಿಕೊಟ್ಟನಂತೆ, ಹಾಡು ಕೇಳಲು ಅಂದುಕೊಂಡು! ಇದು ಎಷ್ಟು ನಿಜವೋ, ಹೇಳುವವರು ಹೇಳುತ್ತಾರೆ.

ಈಗ ನೋಟ್‌ಬುಕ್.

ಕಳಿಸಿದ ಸಂದೇಶಗಳನ್ನೆಲ್ಲ ಆಕೆ ಒಂದು ಸ್ಕೂಲ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಗುಪ್ತ ಲಿಪಿಯಲ್ಲೂ, ಪಕ್ಕದಲ್ಲೇ ಸಾದಾ ಭಾಷೆಯಲ್ಲೂ. ಕಳಿಸಿದ ತಕ್ಷಣ ಸುಟ್ಟುಹಾಕಬೇಕಾದ ಕಾಗದ ಅದು. ಹೀಗೆ ಯಾಕೆ ಮಾಡಿದಳು? ಆಕೆಗೆ ಕೊಟ್ಟ ಆದೇಶದಲ್ಲಿ ಸಂದೇಶಗಳ 'ಫೈಲಿಂಗ್' ಬಗ್ಗೆ ಬಹಳ ಎಚ್ಚರ ಇರಲಿ ಅಂತ ಒಂದು ಸಾಲಿತ್ತು, ಅದನ್ನು ಆಕೆ ಜೋಪಾನವಾಗಿ ಎತ್ತಿಡು ಅಂತ ಅರ್ಥ ಮಾಡಿಕೊಂಡಿರಬೇಕು ಅನ್ನುತ್ತಾರೆ ಇತಿಹಾಸಕಾರರು. ಇದನ್ನು ಓದಿದಾಗ ನನಗೆ ಎದೆ ಧಸಕ್ ಅಂತು. ಯಾಕೆ ಅಂದರೆ ತಂತಿ ಆಫೀಸಿನಲ್ಲಿ ಆ ಪದಕ್ಕೆ ಎರಡು ಅರ್ಥ. ರಾತ್ರಿ ಪತ್ರಿಕೆಯ ವರದಿಗಾರರು ಬಂದು, ಸ್ಟೋರಿ ಫೈಲ್ ಮಾಡಬೇಕು ಸಾರ್ ಅಂದರೆ ಕಳಿಸಬೇಕು ಅಂತ. ಹಿಂದಿನ ರೂಮಿನ ಗುಮಾಸ್ತ ಫೈಲ್ ಮಾಡು ಅಂದರೆ ದಾರ ಪೋಣಿಸಿ ಕಟ್ಟಿಡು ಅಂತ. ಹೊಸದಾಗಿ ಸೇರಿದ ಹುಡುಗರು ಎಷ್ಟೋ ಸಲ ಎಡವಟ್ಟು ಮಾಡಿ ಬೈಸಿಕೊಂಡಿದ್ದಾರೆ. ತರಬೇತಿ ಪೂರ್ತಿ ಆಗಿದ್ದರೆ ಯಾರಾದರೂ ಇವಳಿಗೂ ಒಂದು ಸಲ ಬೈದು ತಿದ್ದಿರುತ್ತಿದ್ದರು.

ಅಕ್ಟೋಬರ್‌ನಲ್ಲಿ ಯಾರೋ ದುಡ್ಡಿನ ಆಸೆಗೆ ವಿಳಾಸ ಕೊಟ್ಟರು. ಹಿಡಿಯಲು ಬಂದವನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು, ಮೆದು ಸ್ವಭಾವದವಳು! ಅವೆನ್ಯೂ ಫೋಶ್ ಬೀದಿಯ 84ನೇ ನಂಬರಿನ ಮನೆ ಜರ್ಮನ್ ಗುಪ್ತ ಪೊಲೀಸರ ಅಡ್ಡೆ. ಅಲ್ಲಿಗೆ ಒಯ್ದ ದಿನವೇ ಸ್ನಾನ ಮಾಡಬೇಕು, ಬಾಗಿಲು ಹಾಕಬೇಕು ಅಂತ ಹಠ ಹಿಡಿದು ಕಿಟಕಿಯಿಂದ ಮಾಡಿಗೆ ಹತ್ತಿದಳು. ಹಿಡಿದು ತಂದರು. ನವೆಂಬರ್‌ನಲ್ಲಿ ಇನ್ನಿಬ್ಬರು ಕೈದಿಗಳ ಜೊತೆ ಸರಳು ಸಡಿಲಿಸಿ ಮತ್ತೆ ಮಾಡು ಹತ್ತಿದಳು. ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳು ಬಂದು ಸೈರನ್ ಕೂಗಿತು, ಸೈರನ್ ಕೂಗಿದರೆ ಕೋಣೆಗಳನ್ನು ಎಣಿಸುವುದು ಅಲ್ಲಿನ ಪದ್ಧತಿ. ಹಣೆಬರಹ ಅನ್ನಬೇಕಷ್ಟೆ. ಇನ್ನು ಓಡಲ್ಲ ಅಂತ ಬರೆದುಕೊಡು ಅಂದರು. ಕೊಡಲಿಲ್ಲ. ಸುಳ್ಳು ಬರದವಳು ತಾನೆ, ಸಹಿ ಹಾಕಿ ಆಮೇಲೆ ಓಡುವುದೂ ಅವಳಿಗೆ ಆಗದ ಮಾತು.

ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಅಲ್ಲಿನ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧ ಮುಗಿದ ಮೇಲೆ ಇದನ್ನು ತಾನೇ ಒಪ್ಪಿಕೊಂಡ. ಬಾಯಿ ಬಿಡದಿದ್ದರೆ ಏನು, ನೋಟ್‌ಬುಕ್ ಸಿಕ್ಕಿತ್ತಲ್ಲ. ಅದನ್ನು ಮುಂದಿಟ್ಟುಕೊಂಡು ಅವಳ ಸೆಟ್ಟಿನಲ್ಲಿ ಅವಳ ಹೆಸರಿನಲ್ಲಿ ಜರ್ಮನರೇ ಲಂಡನ್ ಜೊತೆ ಮಾತು ಶುರುಮಾಡಿದರು.

ಲಂಡನ್ ನಂಬಿತು! ನನಗೆ ಇವತ್ತಿಗೂ ಅರ್ಥವಾಗದ್ದು ಇದು. ಇಂಥದ್ದು ಆಗಬಾರದು ಅಂತಲೇ ಪ್ರತಿ ಆಪರೇಟರ್‌ಗೂ ಗುಟ್ಟಿನ ಗುರುತು ಕೊಟ್ಟಿರುತ್ತಾರೆ, ಸಂದೇಶದಲ್ಲಿ ಅದು ಇಲ್ಲ ಅಂದರೆ ಆತ ಸಿಕ್ಕಿಬಿದ್ದಿದ್ದಾನೆ ಅಂತ ತಿಳಿಯಬೇಕು. ನಾರ್ಮನ್ ಸಿಕ್ಕಿಬಿದ್ದಾಗ ಅವನ ಸೆಟ್ಟಿನಿಂದ ಹೋದ ಸಂದೇಶದಲ್ಲಿ ಎರಡನೇ ಗುರುತು ಇರಲಿಲ್ಲ. ಲಂಡನ್ ಏನು ಮಾಡಿತು ಗೊತ್ತಾ? ಗುರುತು ಮರೆತಿದ್ದೀಯ, ಮುಂದೆ ಹುಷಾರು ಅಂತ ಅವನನ್ನೇ ಗದರಿ ಉತ್ತರ ಕಳಿಸಿತು. ಓದಿದವರು ಜರ್ಮನರು. ಬೀಗ ಒಡೆದು ಒಳಗೆ ಬಂದ ಕಳ್ಳನಿಗೆ, ಕೀಲಿಕೈ ಮರೆತು ಬಂದೆಯಾ ಮಗಾ ಅಂತ ಕೇಳಿದ ಹಾಗೆ. ಅಷ್ಟಾದ ಮೇಲೂ ಕಲಿಯಲಿಲ್ಲ.

1944ರ ಫೆಬ್ರವರಿ ಕೊನೆಯ ರಾತ್ರಿ. ನೂರ್ ಸೆಟ್ಟಿನಿಂದ ಬಂದ ಸಂದೇಶ ನಂಬಿ ಶಾರ್ತ್ರ್ ಊರಿನ ಹತ್ತಿರ ಮೂವರನ್ನು ಪ್ಯಾರಾಚೂಟಿನಲ್ಲಿ ಇಳಿಸಿದರು. ಕೆಳಗೆ ದೀಪ ಹಿಡಿದು ಕಾಯುತ್ತಿದ್ದವರು ಜರ್ಮನರು. ಮೂವರಲ್ಲಿ ಒಬ್ಬ ಮಾರಿಷಸ್ಸಿನ ಫ್ರಾನ್ಸ್ ಆಂತೆಲ್ಮ್, ಹಿಂದಿನ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲಿ ನೂರ್‌ಗೆ ಬಚ್ಚಿಟ್ಟುಕೊಳ್ಳಲು ನೆರವಾದವನೇ. ಇನ್ನೊಬ್ಬ ಲಯೊನೆಲ್ ಲೀ. ಮೂರನೆಯವಳು ಮಾದಲೀನ್ ದಾಮೆರ್ಮಾ. ನೂರ್ ಗುಪ್ತ ಹೆಸರು ಯಾವುದೋ ಅದೇ ಇವಳ ಹುಟ್ಟು ಹೆಸರು. ಮೂವರಲ್ಲಿ ಯಾರೂ ಬದುಕಿ ಬರಲಿಲ್ಲ.

ಇತ್ತ ನೂರ್‌ಳನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಹಾಕಿದ್ದರು. ಬಹಳ ಅಪಾಯದ ಕೈದಿ ಅಂತ ಕೈಗೆ ಕಾಲಿಗೆ ಸರಪಳಿ, ಒಂಟಿ ಕೋಣೆ, ಹತ್ತು ತಿಂಗಳು. ಪಕ್ಕದ ಕೋಣೆಗಳ ಫ್ರೆಂಚ್ ಹೆಂಗಸರ ಜೊತೆ ಊಟದ ಬಟ್ಟಲಿನ ತಳದಲ್ಲಿ ಗೀಚಿ ಗೀಚಿ ಮಾತಾಡುತ್ತಿದ್ದಳು. ಅಲ್ಲಿಯೂ ಲೈನ್ ಸಾಯಲು ಬಿಡಲಿಲ್ಲ ನೋಡಿ. ಹೆಸರು ಮಾತ್ರ ನೋರಾ ಬೇಕರ್ ಅಂತ ಬರೆದಳು, ಬೇಕರ್ ತಾಯಿಯ ತವರಿನ ಹೆಸರು. ಸೆಪ್ಟೆಂಬರ್‌ನಲ್ಲಿ ಇನ್ನೂ ಮೂವರ ಜೊತೆ ಡಾಖಾವ್ ಎಂಬ ನಾಜಿ ಸೆರೆ ಶಿಬಿರಕ್ಕೆ ಸಾಗಿಸಿದರು. ಯೊಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತೆ ಅದೇ ಮಾದಲೀನ್ ದಾಮೆರ್ಮಾ. 13ನೇ ತಾರೀಕು ಬೆಳಿಗ್ಗೆ ನಾಲ್ವರಿಗೂ ಗುಂಡು ಹಾಕಿದರು. ತನ್ನ ನೋಟ್‌ಬುಕ್ಕಿನ ಬಲದಿಂದ ಹೋದ ಸುಳ್ಳು ಸಂದೇಶ ನಂಬಿ ಇಳಿದವಳು ಇವಳೇ ಅಂತ ಆ ಪ್ರಯಾಣದಲ್ಲಿ ನೂರ್‌ಗೆ ಗೊತ್ತಾಯಿತೋ ಇಲ್ಲವೋ. ಗೊತ್ತಾಗಿರದಿದ್ದರೆ ಸಾಕಪ್ಪ ಅಂತ ನನಗೆ ಅನ್ನಿಸುತ್ತೆ.

ಮನೆಯವರಿಗೆ ನಿಜ ಗೊತ್ತಾಗಲೂ ಬಹಳ ಕಾಲ ಹಿಡಿಯಿತು. ಲಂಡನ್ ಆಫೀಸಿನ ವೆರಾ ಆಟ್ಕಿನ್ಸ್ ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ ಕಾಣೆಯಾದ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಹುಡುಕಿದರು. ನೂರ್ ಸತ್ತದ್ದು ಬೇರೆ ಶಿಬಿರದಲ್ಲಿ ಅಂತ ಮೊದಲು ತಪ್ಪು ತಿಳಿದಿದ್ದರು. ಬಟ್ಟಲಲ್ಲಿ ಗೀಚುತ್ತಿದ್ದ ಆ ಫ್ರೆಂಚ್ ಹೆಂಗಸರಲ್ಲಿ ಒಬ್ಬರು ಕಾಗದ ಬರೆದಿದ್ದರಿಂದ ಗಂಟು ಬಿಚ್ಚಿತು. ಫ್ರಾನ್ಸ್ ಪದಕ ಕೊಟ್ಟಿತು, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟಿತು, 2012ರಲ್ಲಿ ಲಂಡನ್‌ನ ಗಾರ್ಡನ್ ಸ್ಕ್ವೇರ್‌ನಲ್ಲಿ ಪ್ರತಿಮೆ ಇಟ್ಟರು.

ಸ್ವಾಮಿ, ನೀವು ಪಾಠ ಬರೆದರೆ ಈ ಪದಕ, ಪ್ರತಿಮೆ ಎಲ್ಲ ಬಂದೇ ಬರುತ್ತೆ. ಟಿಪ್ಪು ಹೆಸರು ಒಂದು ಸಾಲು ಇದ್ದರೂ ಸರಿ, ಇಲ್ಲದಿದ್ದರೂ ನನಗೆ ಬೇಜಾರಿಲ್ಲ. ಆದರೆ ನೋಟ್‌ಬುಕ್ ತೆಗೆದರೆ ಉಳಿಯುವುದು ಕ್ಯಾಲೆಂಡರ್ ಚಿತ್ರ. ಧೈರ್ಯವಂತರು ತಪ್ಪು ಮಾಡುತ್ತಾರೆ ಅನ್ನುವುದು ಮಕ್ಕಳಿಗೆ ಗೊತ್ತಿದ್ದರೆ ಏನೂ ಕೆಟ್ಟುಹೋಗುವುದಿಲ್ಲ. ಅರ್ಧಂಬರ್ಧ ಕಲಿಸಿ ಕಳಿಸಿದವರದ್ದು, ಗುರುತು ಇಲ್ಲದ ಸಂದೇಶವನ್ನು ಕಣ್ಣುಮುಚ್ಚಿ ನಂಬಿದವರದ್ದು ಇನ್ನೂ ದೊಡ್ಡ ತಪ್ಪು, ಅದನ್ನೂ ಪಾಠದಲ್ಲೇ ಹೇಳಿ. ಅಭ್ಯಾಸದ ಪ್ರಶ್ನೆಗಳಲ್ಲಿ 'ನೂರ್ ಎಲ್ಲಿ ಜನಿಸಿದಳು' ಅಂತ ದಯವಿಟ್ಟು ಕೇಳಬೇಡಿ. 'ಫೈಲಿಂಗ್ ಎಂಬ ಪದವನ್ನು ನೀನಾಗಿದ್ದರೆ ಹೇಗೆ ಅರ್ಥ ಮಾಡಿಕೊಳ್ಳುತ್ತಿದ್ದೆ' ಅಂತ ಕೇಳಿ. ಮೊಮ್ಮಗಳಿಗೆ ಕೇಳಿದೆ. ಎತ್ತಿಡೋದು ಅಂತಲೇ ತಾನೇ ತಾತ, ಅಂದಳು.

ನನ್ನ ಹತ್ತಿರ ಹಿತ್ತಾಳೆಯ ಒಂದು ಹಳೇ ಕೀ ಇದೆ, ಬ್ಯಾಟರಿ ಹಾಕಿದರೆ ಈಗಲೂ ಕುಂಯ್ ಅನ್ನುತ್ತೆ. ಪಾಠ ಬಂದರೆ ಮೈಸೂರು ಸುತ್ತಮುತ್ತ ಯಾವ ಶಾಲೆಗೆ ಕರೆದರೂ ತಗೊಂಡು ಬರುತ್ತೇನೆ, ಬಸ್ ಚಾರ್ಜೂ ಬೇಡ. ಇಂಗ್ಲಿಷಿನಲ್ಲಿ ಅವಳ ಹೆಸರು ನಾಲ್ಕೇ ಅಕ್ಷರ. ಉದ್ದ, ಗಿಡ್ಡ. ಮೂರು ಉದ್ದ. ಮತ್ತೆ ಮೂರು ಉದ್ದ. ಗಿಡ್ಡ, ಉದ್ದ, ಗಿಡ್ಡ. ಮೊಮ್ಮಗಳು ಅರ್ಧ ಗಂಟೆಯಲ್ಲಿ ಕಲಿತಳು. ಸ್ವಲ್ಪ ಜೋರಾಗಿಯೇ ಕುಟ್ಟುತ್ತಾಳೆ.

ಇಂತಿ,
ಮೈಸೂರಿನ ಒಬ್ಬ ನಿವೃತ್ತ ತಂತಿ ನೌಕರ